ಹೋಲ್ಡಿಂಗ್ ಡೆಪಾಸಿಟ್ ಕೊಡಲ್ಲ ಅಂತ ಏಜೆಂಟ್ ಹೇಳಿದರೆ, ಮೊದಲು ತಾರೀಖು ನೋಡಿ

ಪ್ರಶ್ನೆ: ನಾನು ದಾವಣಗೆರೆಯವನು. ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಬಂದು ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 1,300 ಪೌಂಡ್ ಬಾಡಿಗೆಯ ಒಂದು ಫ್ಲ್ಯಾಟ್ ಇಷ್ಟವಾಯಿತು. ಮಾರ್ಚ್ 2ರಂದು ಲೆಟಿಂಗ್ ಏಜೆಂಟ್‌ಗೆ (ಮನೆ ಬಾಡಿಗೆಗೆ ಕೊಡಿಸುವ ಏಜೆಂಟ್) 400 ಪೌಂಡ್ ಹೋಲ್ಡಿಂಗ್ ಡೆಪಾಸಿಟ್, ಅಂದರೆ ಮನೆ ಕಾಯ್ದಿರಿಸುವ ಮುಂಗಡ, ಕಳಿಸಿದೆ. ಅರ್ಜಿಯಲ್ಲಿ ವರ್ಷದ ಆದಾಯ 42,000 ಪೌಂಡ್ ಅಂತ ಬರೆದಿದ್ದೆ. ಆದರೆ ನಮ್ಮ ಎಚ್‌ಆರ್ ಕೊಟ್ಟ ಪತ್ರದಲ್ಲಿ ಮೂಲ ಸಂಬಳ 38,500 ಅಂತಷ್ಟೇ ಇತ್ತು. ಉಳಿದದ್ದು ಅಲೋವೆನ್ಸ್ ಮತ್ತು ಬೋನಸ್. ಮಾರ್ಚ್ 11ರಂದು ಏಜೆಂಟ್ ಫೋನ್ ಮಾಡಿ, ರೆಫರೆನ್ಸ್ (ಆದಾಯ, ಹಿನ್ನೆಲೆಯ ಪರಿಶೀಲನೆ) ಫೇಲ್ ಆಗಿದೆ, ಮಾಲೀಕರು ಬೇಡ ಅಂದಿದ್ದಾರೆ ಎಂದರು. ದುಡ್ಡು ಕೇಳಿದ್ದಕ್ಕೆ ‘ನೋಡ್ತೀವಿ’ ಅಂದರು. ಮಾರ್ಚ್ 24ಕ್ಕೆ ಇಮೇಲ್ ಬಂತು. ನಾನು ತಪ್ಪು ಮಾಹಿತಿ ಕೊಟ್ಟಿದ್ದೇನಂತೆ, ಸಹಿ ಮಾಡಿದ ಫಾರ್ಮ್ ಪ್ರಕಾರ ಡೆಪಾಸಿಟ್ ವಾಪಸ್ ಬರುವುದಿಲ್ಲವಂತೆ. ಈಗ ಏನು ಮಾಡಲಿ? ಜಾಸ್ತಿ ಗಲಾಟೆ ಮಾಡಿದರೆ ವೀಸಾಗೆ ತೊಂದರೆ ಆಗುತ್ತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬಹಳ ಜನ ಈ ಒಂದು ಭಯದಿಂದಲೇ ಸುಮ್ನಾಗಿಬಿಡುತ್ತಾರೆ. ಇಲ್ಲ, ವೀಸಾಗೆ ಏನೂ ಆಗುವುದಿಲ್ಲ. ಬಾಡಿಗೆ ಏಜೆಂಟ್ ಮೇಲೆ ಕೌನ್ಸಿಲ್‌ಗೆ ದೂರು ಕೊಡುವುದು, ಟ್ರಿಬ್ಯುನಲ್‌ಗೆ ಹೋಗುವುದು ಇದೆಲ್ಲ ಸಿವಿಲ್ ವ್ಯವಹಾರ. ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ದುಡ್ಡು ನೀವು ಕೇಳುತ್ತಿದ್ದೀರಿ, ಅಷ್ಟೇ. ಇಲ್ಲೇ ಹುಟ್ಟಿ ಬೆಳೆದವರಿಗೆ ಎಷ್ಟು ಹಕ್ಕಿದೆಯೋ ನಿಮಗೂ ಅಷ್ಟೇ ಇದೆ.

ಇನ್ನು ದುಡ್ಡಿನ ವಿಷಯ. ನೀವು ಬರೆದ ತಾರೀಖುಗಳು ಸರಿಯಿದ್ದರೆ, ನನ್ನ ಪ್ರಕಾರ ಪೂರ್ತಿ 400 ಪೌಂಡ್ ನಿಮಗೆ ವಾಪಸ್ ಬರಬೇಕು. ಅದರಲ್ಲೂ 100 ಪೌಂಡ್ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ. ಅದನ್ನು ಅವರು ಶುರುವಿನಲ್ಲೇ ತೆಗೆದುಕೊಳ್ಳುವ ಹಾಗಿರಲಿಲ್ಲ.

ಇಂಗ್ಲೆಂಡ್‌ನಲ್ಲಿ ಇದಕ್ಕೆ ಅಂತಲೇ ಒಂದು ಕಾನೂನು ಇದೆ, ಟೆನೆಂಟ್ ಫೀಸ್ ಆಕ್ಟ್ 2019. ಆ ವರ್ಷದ ಜೂನ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಏಜೆಂಟರು ಅರ್ಜಿಗೆ ಇಷ್ಟು, ರೆಫರೆನ್ಸ್ ಚೆಕ್‌ಗೆ ಇಷ್ಟು, ಅಗ್ರಿಮೆಂಟ್ ಟೈಪ್ ಮಾಡಿದ್ದಕ್ಕೆ ಇಷ್ಟು ಅಂತ ಬಾಡಿಗೆಗೆ ಬರುವವರಿಂದ ವಸೂಲಿ ಮಾಡುತ್ತಿದ್ದರು. ಅದೆಲ್ಲ ಈಗ ಬಂದ್. ಏನೇನು ಕೇಳಬಹುದು ಅನ್ನುವ ಚಿಕ್ಕ ಪಟ್ಟಿಯೊಂದು ಕಾನೂನಿನಲ್ಲಿದೆ, ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವಂತಿಲ್ಲ. ಹೋಲ್ಡಿಂಗ್ ಡೆಪಾಸಿಟ್ ಆ ಪಟ್ಟಿಯಲ್ಲಿದೆ. ಆದರೆ ಅದಕ್ಕೆ ಮಿತಿ ಇದೆ, ಗಡುವೂ ಇದೆ.

ನಮ್ಮ ಊರುಗಳಲ್ಲಿ ಟೋಕನ್ ಅಡ್ವಾನ್ಸ್ ಕೊಟ್ಟು ಮನೆ ಬೇಡವಾದರೆ, ದುಡ್ಡು ವಾಪಸ್ ಬರುವುದು ಮಾಲೀಕರ ಮನಸ್ಸಿಗೆ ಬಿಟ್ಟ ಮಾತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದೇ ಅಭ್ಯಾಸದಲ್ಲಿ ಇಲ್ಲಿಗೂ ಬರುತ್ತೇವೆ. ಇಂಗ್ಲೆಂಡ್‌ನಲ್ಲಿ ಲೆಕ್ಕ ತಿರುಗುಮುರುಗು. ಹೋಲ್ಡಿಂಗ್ ಡೆಪಾಸಿಟ್ ವಾಪಸ್ ಕೊಡುವುದೇ ನಿಯಮ. ಇಟ್ಟುಕೊಳ್ಳಬೇಕಾದರೆ ಅದಕ್ಕೆ ಕಾರಣ ತೋರಿಸಬೇಕಾದವರು ಅವರು.

ಮೊದಲು ಆ 100 ಪೌಂಡ್. ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ವಾರದ ಬಾಡಿಗೆ ತೆಗೆಯಲು ತಿಂಗಳ ಬಾಡಿಗೆಯನ್ನು ನಾಲ್ಕರಿಂದ ಭಾಗಿಸಬಾರದು. ವರ್ಷದ ಬಾಡಿಗೆಯನ್ನು 52ರಿಂದ ಭಾಗಿಸಬೇಕು. ನಿಮ್ಮದು 1,300ನ್ನು 12ರಿಂದ ಗುಣಿಸಿದರೆ 15,600. ಅದನ್ನು 52ರಿಂದ ಭಾಗಿಸಿದರೆ ಸರಿಯಾಗಿ 300. ಅವರು ತೆಗೆದುಕೊಂಡದ್ದು 400. ಮೇಲಿನ 100 ಕಾನೂನಿನ ಲೆಕ್ಕದಲ್ಲಿ ನಿಷೇಧಿತ ಪಾವತಿ. ನಿಮ್ಮದೇ ತಪ್ಪು ಅಂತ ಸಾಬೀತಾದರೂ ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಅಂದ ಹಾಗೆ, ಒಂದೇ ಅಗ್ರಿಮೆಂಟ್‌ನಲ್ಲಿ ಸ್ನೇಹಿತರು ಸೇರಿ ಮನೆ ಹಿಡಿಯುವಾಗ ಈ ಮಿತಿ ಇಡೀ ಮನೆಗೆ ಒಂದೇ. ‘ತಲಾ ಒಂದು ವಾರದ ಪೂರ್ತಿ ಬಾಡಿಗೆ ಕೊಡಿ’ ಅಂತ ನಾಲ್ಕು ಜನರ ಹತ್ತಿರವೂ ಕೇಳುವಂತಿಲ್ಲ.

ಈಗ ತಾರೀಖು. ನಿಮ್ಮ ಕೇಸ್ ನಿಂತಿರುವುದು ಇದರ ಮೇಲೆಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ದುಡ್ಡು ಅವರ ಕೈಸೇರಿದ ದಿನವನ್ನು ಒಂದನೇ ದಿನ ಅಂತ ಎಣಿಸಿ. ಹದಿನೈದನೇ ದಿನಕ್ಕೆ ‘ಅಗ್ರಿಮೆಂಟ್ ಗಡುವು’. ಮಾರ್ಚ್ 2ರಂದು ಕೊಟ್ಟಿದ್ದರಿಂದ ನಿಮ್ಮ ಗಡುವು ಮಾರ್ಚ್ 16. ಅಷ್ಟರೊಳಗೆ ಎರಡೂ ಕಡೆಯವರು ಬಾಡಿಗೆ ಒಪ್ಪಂದಕ್ಕೆ ಬರಬೇಕು. ಗಡುವು ಮುಗಿದರೂ ಒಪ್ಪಂದ ಆಗದಿದ್ದರೆ, ಗಡುವಿನ ದಿನವೂ ಸೇರಿ ಏಳು ದಿನದೊಳಗೆ ದುಡ್ಡು ವಾಪಸ್ ಕೊಡಬೇಕು. ಅದಕ್ಕೂ ಮೊದಲೇ ಮಾಲೀಕರು ‘ಬೇಡ’ ಅಂದರೆ, ಅವರು ಹಾಗೆ ತೀರ್ಮಾನಿಸಿದ ದಿನದಿಂದ ಏಳು ದಿನ.

ವಾಪಸ್ ಕೊಡದೆ ಇರುವುದಕ್ಕೆ ಕಾರಣ ಇದೆ ಅಂತ ಏಜೆಂಟ್‌ಗೆ ಅನಿಸಿದರೆ, ಅದನ್ನು ಅದೇ ಏಳು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಯಾಕೆ ಕೊಡುತ್ತಿಲ್ಲ ಅನ್ನುವ ವಿವರಣೆ ಅದರಲ್ಲಿರಬೇಕು. ಫೋನಿನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಆ ಪತ್ರ ಸಮಯಕ್ಕೆ ಬಾರದಿದ್ದರೆ, ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ದುಡ್ಡು ವಾಪಸ್ ಕೊಡಲೇಬೇಕು. ಇದು ನನ್ನ ವ್ಯಾಖ್ಯಾನ ಅಲ್ಲ. ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ ನೇರವಾಗಿ ಹೀಗೇ ಇದೆ.

ನಿಮ್ಮ ವಿಷಯಕ್ಕೆ ಬನ್ನಿ. ಮಾಲೀಕರು ಬೇಡ ಅಂದಿದ್ದಾರೆ ಅಂತ ಮಾರ್ಚ್ 11ಕ್ಕೆ ಗೊತ್ತಾಯಿತು. ಅಲ್ಲಿಂದ ಏಳು ದಿನ ಅಂದರೆ ಮಾರ್ಚ್ 17. ಇಮೇಲ್ ಬಂದದ್ದು 24ಕ್ಕೆ. ಏಜೆಂಟ್ ಈಗ ‘11ಕ್ಕೆ ಹೇಳಿದ್ದು ರೆಫರೆನ್ಸ್ ಫಲಿತಾಂಶ ಅಷ್ಟೇ, ಮಾಲೀಕರು ಇನ್ನೂ ತೀರ್ಮಾನ ಮಾಡಿರಲಿಲ್ಲ’ ಅನ್ನಬಹುದು. ಅನ್ನಲಿ. ಆಗ ಗಡುವಿನ ದಿನದಿಂದ ಎಣಿಸಬೇಕು. 16ರಿಂದ ಏಳು ದಿನಕ್ಕೆ 22. ಹೇಗೆ ಎಣಿಸಿದರೂ 24 ತಡವೇ.

ಒಂದು ವಿಷಯ ಮಾತ್ರ ನೀವು ನೋಡಲೇಬೇಕು. ನೀವು ಸಹಿ ಮಾಡಿದ ಫಾರ್ಮ್ ತೆಗೆದು ಪೂರ್ತಿ ಓದಿ. ಎರಡೂ ಕಡೆಯವರು ಬರವಣಿಗೆಯಲ್ಲಿ ಒಪ್ಪಿದರೆ ಹದಿನೈದನೇ ದಿನದ ಬದಲು ಬೇರೆ ತಾರೀಖನ್ನು ಗಡುವಾಗಿ ಇಟ್ಟುಕೊಳ್ಳಬಹುದು. ಎಷ್ಟೋ ಏಜೆಂಟರು ಫಾರ್ಮಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಮನೆಗೆ ಸೇರುವ ದಿನವನ್ನೇ ಗಡುವು ಅಂತ ಹಾಕಿರುತ್ತಾರೆ. ಹಾಗಿದ್ದರೆ 16ರ ಲೆಕ್ಕ ಬಿದ್ದುಹೋಗುತ್ತದೆ. 11ರ ಲೆಕ್ಕ ಮಾತ್ರ ಉಳಿಯುತ್ತದೆ. ಆಗ ಆ ಫೋನ್ ಕರೆಯಲ್ಲಿ ಏನು ಹೇಳಿದರು ಅನ್ನುವುದಕ್ಕೆ ಸಾಕ್ಷಿ ಬೇಕು.

ಕರೆ ಮುಗಿದ ಮೇಲೆ ಅವರಿಗೆ ವಾಟ್ಸ್ಆ್ಯಪ್ ಏನಾದರೂ ಮಾಡಿದ್ದೀರಾ? ‘ಮಾಲೀಕರು ಬೇಡ ಅಂದರು ಅಂತ ಈಗ ತಾನೇ ಹೇಳಿದಿರಲ್ಲ, ದುಡ್ಡು ಯಾವಾಗ’ ಅಂತ ಒಂದು ಸಾಲು ಇದ್ದರೂ ಸಾಕು. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಇನ್ನೊಂದು ಒಳ್ಳೆಯ ಸಾಕ್ಷಿ ಮನೆ ಜಾಹೀರಾತಿನ ವೆಬ್‌ಸೈಟ್‌ಗಳಾದ ರೈಟ್‌ಮೂವ್ ಅಥವಾ ಜೂಪ್ಲಾದಲ್ಲಿ ಸಿಗಬಹುದು. ನೀವು ದುಡ್ಡು ಕೊಟ್ಟಾಗ ಆ ಫ್ಲ್ಯಾಟಿನ ಜಾಹೀರಾತಿನ ಮೇಲೆ ‘ಲೆಟ್ ಅಗ್ರೀಡ್’ (ಬಾಡಿಗೆಗೆ ಮಾತಾಗಿದೆ) ಅಂತ ಬಿದ್ದಿರುತ್ತದೆ. ಮತ್ತೆ ಅದು ಖಾಲಿ ಅಂತ ಕಾಣಿಸಿಕೊಂಡಿದ್ದರೆ ಮಾಲೀಕರ ತೀರ್ಮಾನ ಆಗಿದೆ ಅಂತಲೇ ಅರ್ಥ. ಇವತ್ತೇ ನೋಡಿ, ತಾರೀಖು ಕಾಣುವ ಹಾಗೆ ಚಿತ್ರ ತೆಗೆದುಕೊಳ್ಳಿ. ನಿಮ್ಮ ದುಡ್ಡು ಕೈಯಲ್ಲಿ ಹಿಡಿದುಕೊಂಡೇ, ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲದೆ, ಅದೇ ಮನೆಗೆ ಇನ್ನೊಬ್ಬರಿಂದ ಹೋಲ್ಡಿಂಗ್ ಡೆಪಾಸಿಟ್ ತೆಗೆದುಕೊಂಡಿದ್ದರೆ ಅದೂ ಕಾನೂನಿಗೆ ವಿರುದ್ಧ.

ಇನ್ನು ಸಂಬಳದ ವಿಷಯ. ತಾರೀಖಿನಲ್ಲೇ ಗೆಲ್ಲಬಹುದಾದರೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಏಜೆಂಟ್ ಮಾತಾಡುವುದು ಇದನ್ನೇ. ನೀವೂ ಇದರಲ್ಲೇ ಸಿಕ್ಕಿಕೊಂಡು ತಪ್ಪು ಮಾಡಿದವರ ಹಾಗೆ ಕುಗ್ಗಿದ್ದೀರಿ ಅಂತ ನಿಮ್ಮ ಪ್ರಶ್ನೆ ಓದುವಾಗ ಅನಿಸಿತು.

ರೆಫರೆನ್ಸ್ ಫೇಲ್ ಆಗುವುದು ಬೇರೆ, ತಪ್ಪು ಮಾಹಿತಿ ಕೊಡುವುದು ಬೇರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆದಾಯ ಸಾಲದು ಅಂತ ತಿರಸ್ಕಾರವಾದರೆ ಪೂರ್ತಿ ದುಡ್ಡು ವಾಪಸ್ ಬರಬೇಕು. ‘ಚೆಕ್ ಮಾಡಿಸಲು ನಮಗೆ ಖರ್ಚಾಗಿದೆ’ ಅನ್ನುವುದು ಕಾರಣವೇ ಅಲ್ಲ. ಆ ಖರ್ಚನ್ನು ಬಾಡಿಗೆಗೆ ಬರುವವರ ಮೇಲೆ ಹಾಕಬಾರದು ಅಂತಲೇ ಈ ಕಾನೂನು ಬಂದದ್ದು. ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟಾಗ ಮಾತ್ರ ಇಟ್ಟುಕೊಳ್ಳಬಹುದು. ಅದೂ ಹೇಳಿದ್ದಕ್ಕೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ ಅನ್ನುವಂತಿದ್ದರೆ ಮಾತ್ರ.

ನಿಮ್ಮ ವ್ಯತ್ಯಾಸ ಸಣ್ಣದಲ್ಲ, ಅದನ್ನು ಒಪ್ಪಿಕೊಳ್ಳೋಣ. ಇಲ್ಲಿ ಸಾಮಾನ್ಯವಾಗಿ ತಿಂಗಳ ಬಾಡಿಗೆಯ 30 ಪಟ್ಟು ವರ್ಷದ ಆದಾಯ ಇರಬೇಕು ಅಂತ ನೋಡುತ್ತಾರೆ. 1,300 ಬಾಡಿಗೆಗೆ ಅದು 39,000. ನೀವು ಬರೆದ 42,000 ಆ ಗೆರೆಯ ಮೇಲಿದೆ, ಎಚ್‌ಆರ್ ಬರೆದ 38,500 ಕೆಳಗಿದೆ. ಹಾಗಾಗಿ ಎಲ್ಲ ನಿಂತಿರುವುದು ಅರ್ಜಿಯಲ್ಲಿ ಏನು ಕೇಳಿದ್ದರು ಅನ್ನುವುದರ ಮೇಲೆ. ‘ವರ್ಷದ ಒಟ್ಟು ಆದಾಯ’ ಅಂತ ಕೇಳಿದ್ದು, ಅಲೋವೆನ್ಸ್ ನಿಮ್ಮ ನೇಮಕಾತಿ ಪತ್ರದಲ್ಲೇ ಇದ್ದು, ಪ್ರತಿ ತಿಂಗಳು ಪೇಸ್ಲಿಪ್‌ನಲ್ಲಿ ಬರುತ್ತಿದ್ದರೆ, ನೀವು ಸುಳ್ಳು ಹೇಳಿಲ್ಲ. ‘ಮೂಲ ಸಂಬಳ’ ಅಂತ ಕೇಳಿದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ನಮ್ಮ ಐಟಿ ಹುಡುಗರಲ್ಲಿ ಇದು ತುಂಬಾ ಸಾಮಾನ್ಯ. ಭಾರತದಲ್ಲಿ ಸಂಬಳ ಎಷ್ಟು ಅಂದರೆ ಸಿಟಿಸಿ, ಅಂದರೆ ಅಲೋವೆನ್ಸ್, ಬೋನಸ್ ಎಲ್ಲ ಸೇರಿದ ಮೊತ್ತ, ಹೇಳಿ ಅಭ್ಯಾಸ. ಇಲ್ಲೂ ಕೈ ಅದೇ ಅಂಕಿಯನ್ನು ಬರೆಯುತ್ತದೆ. ಮುಂದಿನ ಸಲ ಮೂಲ ಸಂಬಳ ಇಷ್ಟು, ಖಚಿತ ಅಲೋವೆನ್ಸ್ ಇಷ್ಟು, ಬೋನಸ್ ಇಷ್ಟು ಅಂತ ಬಿಡಿಸಿ ಬರೆಯಿರಿ. ಎಚ್‌ಆರ್ ಏನು ಬರೆದುಕೊಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಫಾರ್ಮ್‌ನಲ್ಲಿ ‘ನಾನ್ ರಿಫಂಡಬಲ್’ ಅಂತ ಬರೆದಿದೆ, ನೀವು ಸಹಿ ಮಾಡಿದ್ದೀರಿ, ನಿಜ. ಆದರೆ ಕಾನೂನು ಕೊಟ್ಟ ಹಕ್ಕನ್ನು ಏಜೆಂಟ್ ತನ್ನ ಫಾರ್ಮಿನಿಂದ ಅಳಿಸಲು ಆಗುವುದಿಲ್ಲ. ಅದಕ್ಕೆ ಹೆದರಬೇಡಿ.

ಹಾಗಾದರೆ ಅವರು ದುಡ್ಡು ಇಟ್ಟುಕೊಳ್ಳಬಹುದಾದ ಸಂದರ್ಭಗಳೇ ಇಲ್ಲವಾ? ಇವೆ. ಸುಳ್ಳು ಮಾಹಿತಿಯ ವಿಷಯ ಆಯಿತು. ಗಡುವಿಗೆ ಮೊದಲು ನೀವೇ ಮನಸ್ಸು ಬದಲಿಸಿ ಬೇಡ ಅಂದರೆ ಇಟ್ಟುಕೊಳ್ಳಬಹುದು. ಅವರು ತಮ್ಮ ಕೆಲಸ ಸರಿಯಾಗಿ ಮಾಡಿದ್ದರೂ ನೀವು ದಾಖಲೆ ಕೊಡದೆ, ಸಹಿ ಮಾಡದೆ ಎಳೆದಾಡಿದರೆ ಇಟ್ಟುಕೊಳ್ಳಬಹುದು. ರೈಟ್ ಟು ರೆಂಟ್ ಚೆಕ್‌ನಲ್ಲಿ, ಅಂದರೆ ಈ ದೇಶದಲ್ಲಿ ಬಾಡಿಗೆಗೆ ಇರುವ ವಲಸೆ ಹಕ್ಕಿನ ಪರೀಕ್ಷೆಯಲ್ಲಿ, ನೀವು ಪಾಸಾಗದಿದ್ದರೂ ಇಟ್ಟುಕೊಳ್ಳಬಹುದು. ಆದರೆ ಅದು ಅವರಿಗೆ ಮೊದಲೇ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಾದ್ದೇ ಆಗಿದ್ದರೆ, ಆಗುವುದಿಲ್ಲ. ಸೆಪ್ಟೆಂಬರ್‌ಗೆ ಓದಲು ಬರುವ ಮಕ್ಕಳು ಇದನ್ನು ಗಮನಿಸಬೇಕು. ವೀಸಾ ಇನ್ನೂ ಕೈಗೆ ಬಂದಿಲ್ಲ ಅಂತ ದುಡ್ಡು ಕಳಿಸುವ ಮೊದಲೇ ಇಮೇಲ್‌ನಲ್ಲಿ ಹೇಳಿಬಿಡಿ. ಆ ಇಮೇಲ್ ಮುಂದೆ ನಿಮ್ಮನ್ನು ಕಾಪಾಡುತ್ತದೆ. ಈ ಎಲ್ಲ ಸಂದರ್ಭಗಳಲ್ಲೂ ಏಳು ದಿನದ ಪತ್ರದ ನಿಯಮ ಹಾಗೇ ಇದೆ.

ಈಗ ಏನು ಮಾಡಬೇಕು ಅಂದರೆ, ಒಂದು ಇಮೇಲ್ ಬರೆಯಿರಿ. ಫೋನ್ ಬೇಡ. ಫೋನಿನಲ್ಲಿ ಅವರು ಮಾತು ತಿರುಗಿಸುತ್ತಾರೆ, ಕೊನೆಗೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಮೇಲ್ ಚಿಕ್ಕದಾಗಿರಲಿ. ಮಾರ್ಚ್ 2ರಂದು ಈ ವಿಳಾಸದ ಮನೆಗೆ 400 ಪೌಂಡ್ ಕೊಟ್ಟೆ ಅಂತ ಮೊದಲ ಸಾಲು, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಬಾಡಿಗೆ 1,300, ಹಾಗಾಗಿ ಮಿತಿ 300, ನೀವು 100 ಹೆಚ್ಚು ತೆಗೆದುಕೊಂಡಿದ್ದೀರಿ ಅಂತ ಎರಡನೆಯದು. ಮಾಲೀಕರ ತೀರ್ಮಾನವನ್ನು 11ಕ್ಕೆ ತಿಳಿಸಿದಿರಿ, ಬರವಣಿಗೆಯ ಕಾರಣ ಬಂದದ್ದು 24ಕ್ಕೆ, ಟೆನೆಂಟ್ ಫೀಸ್ ಆಕ್ಟ್ 2019ರ ಎರಡನೇ ಶೆಡ್ಯೂಲ್ ಪ್ರಕಾರ ಇದು ತಡ, ಹಾಗಾಗಿ ಪೂರ್ತಿ ವಾಪಸ್ ಕೊಡಬೇಕು ಅಂತ ಮೂರನೆಯದು. ಕೊನೆಗೆ ನಿಮ್ಮ ಖಾತೆ ವಿವರ, ಮತ್ತು ಏಳು ದಿನದೊಳಗೆ ದುಡ್ಡು ಬರದಿದ್ದರೆ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ (ವ್ಯಾಪಾರದ ನಿಯಮ ಪಾಲನೆ ನೋಡುವ ಸ್ಥಳೀಯ ಆಡಳಿತದ ವಿಭಾಗ) ದೂರು ಕೊಟ್ಟು ಟ್ರಿಬ್ಯುನಲ್‌ಗೆ ಅರ್ಜಿ ಹಾಕುತ್ತೇನೆ ಅನ್ನುವ ಒಂದು ಸಾಲು. ಸಂಬಳದ ವಿಷಯಕ್ಕೆ ‘ನಾನು ಕೊಟ್ಟ ಮಾಹಿತಿ ಸುಳ್ಳಲ್ಲ’ ಅಂತ ಒಂದೇ ವಾಕ್ಯ ಸಾಕು. ಅದನ್ನು ವಿವರಿಸುತ್ತಾ ಹೋದರೆ, ಜಗಳ ಅವರಿಗೆ ಬೇಕಾದ ಜಾಗಕ್ಕೇ ಹೋಗಿ ನಿಲ್ಲುತ್ತದೆ.

ದಯವಿಟ್ಟು ಕ್ಷಮೆ ಕೇಳಿ ಶುರು ಮಾಡಬೇಡಿ. ನಮ್ಮವರ ಇಮೇಲ್‌ಗಳಲ್ಲಿ ಇದನ್ನು ಬಹಳ ನೋಡುತ್ತೇನೆ. ‘ಗೊಂದಲಕ್ಕೆ ಕ್ಷಮಿಸಿ’ ಅಂತ ಮರ್ಯಾದೆಗೆ ಬರೆದ ಮಾತನ್ನು, ತಪ್ಪು ಒಪ್ಪಿಕೊಂಡಿದ್ದಾರೆ ಅಂತ ಅವರು ತೋರಿಸಬಹುದು.

ಇಂಥ ಇಮೇಲ್ ಹೋದ ಮೇಲೆ ಎಷ್ಟೋ ಏಜೆಂಟರು ದುಡ್ಡು ಹಾಕಿಬಿಡುತ್ತಾರೆ. ನಿಯಮ ಮುರಿದರೆ ಮೊದಲ ಸಲಕ್ಕೇ 5,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಸ್ಥಳೀಯ ಆಡಳಿತಕ್ಕಿದೆ ಅಂತ ಅವರಿಗೆ ಗೊತ್ತು. ಹಾಕದಿದ್ದರೆ ಮುಂದಿನ ದಾರಿಗಳು ಹೀಗಿವೆ.

ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಹೋಗುವುದು ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿ ಮೂಲಕ. ದುಡ್ಡು ವಾಪಸ್ ಕೊಡಿ ಅಂತ ಆದೇಶಿಸುವ ಅಧಿಕಾರ ಅವರಿಗೂ ಇದೆ. ಆದರೆ ಎಲ್ಲ ಕಡೆಯೂ ಬೇಗ ಕೆಲಸ ಆಗುತ್ತದೆ ಅಂತ ನಂಬಿ ಕೂರಬೇಡಿ. ದೂರು ಕೊಟ್ಟಿಡಿ, ನಿಮ್ಮ ದಾರಿ ನೀವು ಹಿಡಿಯಿರಿ.

ಎರಡನೆಯದು ರಿಡ್ರೆಸ್ ಸ್ಕೀಮ್, ಅಂದರೆ ಏಜೆಂಟರ ಮೇಲಿನ ದೂರು ಕೇಳಿ ಪರಿಹರಿಸುವ ಸ್ವತಂತ್ರ ವ್ಯವಸ್ಥೆ. ಇಂಗ್ಲೆಂಡ್‌ನ ಪ್ರತಿ ಲೆಟಿಂಗ್ ಏಜೆಂಟ್ ಸರ್ಕಾರ ಒಪ್ಪಿದ ಇಂಥ ಒಂದು ಸಂಸ್ಥೆಯ ಸದಸ್ಯನಾಗಿರಬೇಕು. ಪ್ರಾಪರ್ಟಿ ಓಂಬುಡ್ಸ್‌ಮನ್ ಅವುಗಳಲ್ಲಿ ಒಂದು. ಯಾವುದರ ಸದಸ್ಯ ಅಂತ ಅವರ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ನಿಮಗೆ ಖರ್ಚಿಲ್ಲ. ಆದರೆ ಮೊದಲು ಏಜೆಂಟ್‌ಗೇ ಅಧಿಕೃತವಾಗಿ ದೂರು ಕೊಟ್ಟು, ಅವರ ಅಂತಿಮ ಉತ್ತರಕ್ಕಾಗಿ ಎಂಟು ವಾರದವರೆಗೆ ಕಾಯಬೇಕಾಗಬಹುದು.

ಮೂರನೆಯದು ಫಸ್ಟ್ ಟಿಯರ್ ಟ್ರಿಬ್ಯುನಲ್‌ನ ಪ್ರಾಪರ್ಟಿ ಚೇಂಬರ್. ಹೋಲ್ಡಿಂಗ್ ಡೆಪಾಸಿಟ್ ವಾಪಸ್ ಕೊಡಿಸಲು ಈ ಕಾಯ್ದೆ ನೇರವಾಗಿ ತೋರಿಸುವ ಜಾಗ ಇದು. ಲಾಯರ್ ಬೇಕಿಲ್ಲ. ಫಾರ್ಮ್ ತುಂಬಿ, ಬ್ಯಾಂಕ್ ದಾಖಲೆ, ಇಮೇಲ್‌ಗಳು, ಸಹಿ ಮಾಡಿದ ಅರ್ಜಿ, ಸ್ಕ್ರೀನ್‌ಶಾಟ್ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಕೊಡಬೇಕು. ಆದೇಶ ಆದ ಮೇಲೂ ಏಜೆಂಟ್ ಕೊಡದಿದ್ದರೆ ಅದನ್ನು ಕೌಂಟಿ ಕೋರ್ಟ್ ಮೂಲಕ ವಸೂಲಿ ಮಾಡಿಸಬಹುದು. ನಿಮ್ಮದು ತಾರೀಖಿನ ಕೇಸ್, ದಾಖಲೆ ನೋಡಿದರೆ ತೀರ್ಮಾನವಾಗುವಂಥದ್ದು. ಆದ್ದರಿಂದ ನಾನು ಟ್ರಿಬ್ಯುನಲ್ಲನ್ನೇ ಆರಿಸಿಕೊಳ್ಳುತ್ತೇನೆ. ಒಂದೇ ದುಡ್ಡಿಗೆ ಓಂಬುಡ್ಸ್‌ಮನ್ ಮತ್ತು ಟ್ರಿಬ್ಯುನಲ್ ಎರಡಕ್ಕೂ ಒಟ್ಟಿಗೆ ಹೋಗಬೇಡಿ.

ಇದೆಲ್ಲ ಇಂಗ್ಲೆಂಡ್‌ನ ಮಾತು. ವೇಲ್ಸ್‌ನಲ್ಲಿ ಬೇರೆ ಕಾಯ್ದೆ ಇದೆ, ಅಲ್ಲೂ ಮಿತಿ ಒಂದು ವಾರದ ಬಾಡಿಗೆಯೇ. ಸ್ಕಾಟ್ಲೆಂಡ್ ಮತ್ತು ನಾರ್ದರ್ನ್ ಐರ್ಲೆಂಡ್‌ನ ನಿಯಮಗಳೇ ಬೇರೆ. ಗ್ಲಾಸ್ಗೋದಲ್ಲಿರುವ ಗೆಳೆಯರಿಗೆ ಈ ಉತ್ತರವನ್ನು ಹಾಗೇ ಕಳಿಸಬೇಡಿ.

ಊರಿನಿಂದಲೇ ಮನೆ ಹುಡುಕುವ ವಿದ್ಯಾರ್ಥಿಗಳಿಗೆ ಇನ್ನೆರಡು ಮಾತು. ಗ್ಯಾರಂಟರ್ (ಬಾಡಿಗೆಗೆ ಜಾಮೀನು ನಿಲ್ಲುವವರು) ಇಲ್ಲದಿದ್ದರೆ ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಅಂತ ಕೇಳುವ ಪದ್ಧತಿ ಇಲ್ಲಿ ಇತ್ತು. ರೆಂಟರ್ಸ್ ರೈಟ್ಸ್ ಆಕ್ಟ್ 2025ರ ಪ್ರಕಾರ, 2026ರ ಮೇ 1ರಿಂದ ಖಾಸಗಿ ಮನೆಗಳ ಹೊಸ ಬಾಡಿಗೆಗೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಹೋಲ್ಡಿಂಗ್ ಡೆಪಾಸಿಟ್ ನಿಯಮ ಮಾತ್ರ ಹಾಗೇ ಇದೆ. ಇನ್ನೊಂದು ಮೋಸದ ವಿಷಯ. ಬ್ರಿಟನ್ನಿನ ಬ್ಯಾಂಕ್ ಖಾತೆಯಿಂದ ಇಲ್ಲಿನದೇ ಖಾತೆಗೆ ಕಳಿಸಿದ ದುಡ್ಡು ವಂಚಕರ ಪಾಲಾದರೆ, ಅದನ್ನು ಬ್ಯಾಂಕೇ ತುಂಬಿಕೊಡುವ ನಿಯಮ 2024ರ ಅಕ್ಟೋಬರ್ 7ರಿಂದ ಇದೆ. ಭಾರತದ ಖಾತೆಯಿಂದ ಕಳಿಸಿದ ದುಡ್ಡಿಗೆ ಆ ರಕ್ಷಣೆ ಇಲ್ಲ. ಮನೆಯನ್ನು ನಿಮ್ಮ ಕಡೆಯವರು ಯಾರೂ ಕಣ್ಣಾರೆ ನೋಡದೆ ಅಲ್ಲಿಂದ ದುಡ್ಡು ಕಳಿಸಬೇಡಿ.

ಮತ್ತೆ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಇಮೇಲ್ ನೋಡಿದ ಮೇಲೆ ಏಜೆಂಟ್ ‘ಸೌಹಾರ್ದಕ್ಕಾಗಿ 200 ಕೊಡುತ್ತೇವೆ, ಇಲ್ಲಿಗೆ ಮುಗಿಸೋಣ’ ಅನ್ನಬಹುದು. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಅನ್ನುವ ಮಾತು ಅದರಲ್ಲಿದ್ದರೆ ಒಪ್ಪಿಗೆ ಅಂತ ಬರೆಯಬೇಡಿ. ಬರೆದರೆ ಉಳಿದ 200 ಕೇಳುವುದು ಕಷ್ಟ. 200 ಕಳಿಸಿದರೆ ಅದು ಬಾಕಿಯ ಒಂದು ಭಾಗ ಅಂತಷ್ಟೇ ಸ್ವೀಕರಿಸುತ್ತೇನೆ, ಉಳಿದದ್ದು ಇಂಥ ತಾರೀಖಿನೊಳಗೆ ಬರಬೇಕು ಅಂತ ಅದೇ ದಿನ ಉತ್ತರ ಕೊಡಿ.